ಮೊದಲ ಕಾರು ಕೊಳ್ಳಲು ಹೊರಟ ನಿನಗೆ

ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾಗಿದೆ. ಕೈಯಲ್ಲಿ ಒಂದಿಷ್ಟು ಉಳಿದಿದೆ. ಸ್ನೇಹಿತರಲ್ಲಿ ಒಬ್ಬಿಬ್ಬರು ಆಗಲೇ ಕಾರು ತಂದು, ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಫೋಟೊ ಹಾಕಿದ್ದಾರೆ. ನಿನ್ನ ತಲೆಯಲ್ಲೂ ಅದೇ ಓಡುತ್ತಿದೆ ಅಂತ ಗೊತ್ತು. ಬ್ಯಾಂಕಿನಲ್ಲಿ ವಾಹನ ಸಾಲದ ಅರ್ಜಿಗಳನ್ನು ನೋಡುತ್ತಲೇ ನಿವೃತ್ತನಾದವನು ನಾನು. ಈಗಲೂ ನೆಂಟರಿಷ್ಟರ ಮಕ್ಕಳು ಷೋರೂಮಿನ ಕೊಟೇಶನ್ ಹಾಳೆ ಹಿಡಿದು ಮನೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿನಗೂ ಹೇಳುತ್ತೇನೆ. ಕಾರಿಗೆ ಬೆಲೆ ಕಟ್ಟುವುದು ಕಂಪನಿ, ತೆರಿಗೆ ಹಾಕುವುದು ಸರ್ಕಾರ, ಬಡ್ಡಿ ವಸೂಲಿ ಮಾಡುವುದು ಬ್ಯಾಂಕು. ಆದರೆ ಆ ಕಾರು ನಿನಗೆ ಅಗ್ಗವೋ ದುಬಾರಿಯೋ ಅನ್ನುವುದು ನೀನು ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀಯ, ರಾತ್ರಿ ಅದನ್ನು ಎಲ್ಲಿ ನಿಲ್ಲಿಸುತ್ತೀಯ ಅನ್ನುವುದರ ಮೇಲೆ ನಿಂತಿದೆ. ಆ ಲೆಕ್ಕವನ್ನು ನಿನಗಾಗಿ ಯಾರೂ ಹಾಕಿಕೊಡುವುದಿಲ್ಲ.

ಮೊದಲು ಆಸೆಯ ವಿಷಯ. ನಿನಗೆ ಸ್ಪೋರ್ಟ್ಸ್ ಕಾರು ಇಷ್ಟ. ಎರಡೇ ಬಾಗಿಲು, ನೆಲಕ್ಕೆ ತಗ್ಗಿದ ಮೈ, ಆಕ್ಸಿಲರೇಟರ್ ಒತ್ತಿದರೆ ಎದೆ ಝಲ್ಲೆನ್ನಬೇಕು. ಈ ವಯಸ್ಸಿನಲ್ಲಿ ಆ ಆಸೆ ಬರದೆ ಇನ್ಯಾವಾಗ ಬರಬೇಕು? ಅದನ್ನು ಹೀಗಳೆಯುವ ಹಿರಿಯರ ಸಾಲಿಗೆ ನಾನು ಸೇರುವುದಿಲ್ಲ. ಆದರೆ ಆ ಜಾತಿಯ ಕಾರುಗಳು ಲೋಕದ ದೊಡ್ಡ ಮಾರುಕಟ್ಟೆಗಳಲ್ಲೇ ಒಂದೊಂದಾಗಿ ನಿಂತುಹೋಗುತ್ತಿವೆ. ಯಾಕೆ ಅನ್ನುವುದನ್ನು ನೀನು ತಿಳಿದುಕೊಳ್ಳಬೇಕು.

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಫೋರ್ಡ್ ಕಂಪನಿ ಮಸ್ಟಾಂಗ್ ಕಾರನ್ನು ಹೊರತಂದಿತು. ಬೆಲೆ 2,368 ಡಾಲರ್. ಮೊದಲ ದಿನವೇ 22,000 ಮಂದಿ ಬುಕ್ ಮಾಡಿದರು. ಅಷ್ಟು ಕಡಿಮೆಗೆ ಕೊಡಲು ಆದದ್ದು ಹೇಗೆ ಅಂದರೆ, ಫೋರ್ಡ್‌ನ ಲೀ ಅಯಕೋಕ ಮತ್ತು ಅವರ ತಂಡ ಆ ಕಾರನ್ನು ಬುಡದಿಂದ ಹೊಸದಾಗಿ ಕಟ್ಟಲಿಲ್ಲ. ಫಾಲ್ಕನ್ ಎಂಬ ಸಾದಾ ಮನೆಬಳಕೆಯ ಕಾರಿನ ತಳವನ್ನೂ ಎಂಜಿನನ್ನೂ ತೆಗೆದುಕೊಂಡು, ಅದರ ಮೇಲೆ ಉದ್ದ ಮೂತಿಯ, ಗಿಡ್ಡ ಬಾಲದ ಹೊಸ ಮೈ ಕೂರಿಸಿದರು. ಕೊಳ್ಳುವವರು ಯಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಎರಡನೇ ಮಹಾಯುದ್ಧದ ನಂತರ ಹುಟ್ಟಿ, ಆಗ ತಾನೇ ದುಡಿಮೆಗೆ ಇಳಿಯುತ್ತಿದ್ದ ಹುಡುಗ ಹುಡುಗಿಯರು. ಅವರ ಸಂಬಳ ನೋಡಿ ಬೆಲೆ ನಿಗದಿ ಮಾಡಿದರು, ಆ ಬೆಲೆಗೆ ತಕ್ಕಂತೆ ಕಾರು ಮಾಡಿದರು. 1966ರ ಮಾದರಿ ಆರು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

2024ರಲ್ಲಿ ಅಮೆರಿಕದಲ್ಲಿ ವರ್ಷವಿಡೀ ಮಾರಾಟವಾದ ಮಸ್ಟಾಂಗ್ ಸುಮಾರು 44,000. ಅದೇ ಹೆಸರಿಟ್ಟು ಫೋರ್ಡ್ ಮಾರುವ ಎಲೆಕ್ಟ್ರಿಕ್ ಎಸ್‌ಯುವಿ ಮಾಕ್-ಇ ಅದಕ್ಕಿಂತ ಹೆಚ್ಚು ಹೋಯಿತು, 51,000ಕ್ಕೂ ಮೀರಿ. ಮಸ್ಟಾಂಗ್ ಆದರೂ ಇನ್ನೂ ಬದುಕಿದೆ. ಡಾಡ್ಜ್ ಚಾಲೆಂಜರ್ 2023ರ ಡಿಸೆಂಬರಿನಲ್ಲಿ ನಿಂತಿತು. ಷೆವರ್ಲೆ ಕಮಾರೊ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೋಯಿತು. ಆಡಿ ಟಿಟಿ ಹೋಯಿತು, ಅದರ ಹಿಂದೆಯೇ ಆರ್8 ಹೋಯಿತು. ನಿಸಾನ್ ಜಿಟಿ-ಆರ್ 2025ರ ಆಗಸ್ಟಿನಲ್ಲಿ ಕೊನೆಯಾಯಿತು. ಈ ಜಿಟಿ-ಆರ್ ಕಥೆಯಲ್ಲಿ ನಾನು ಹೇಳಬೇಕಾದ್ದೆಲ್ಲ ಇದೆ. 2007ರಲ್ಲಿ ಜಪಾನಿನಲ್ಲಿ ಅದು ಬಂದಾಗ ಬೆಲೆ 77.7 ಲಕ್ಷ ಯೆನ್. ಪೋರ್ಷೆ 911 ಟರ್ಬೊ ಜೊತೆ ಓಡಬಲ್ಲ ಕಾರು ಅದರ ಅರ್ಧ ದುಡ್ಡಿಗೆ ಅಂತ ಹುಡುಗರು ಅದನ್ನು ತಲೆಮೇಲೆ ಹೊತ್ತು ಮೆರೆಸಿದರು. ಕೊನೆಯ ಮಾದರಿಯ ಬೆಲೆ 1 ಕೋಟಿ 44 ಲಕ್ಷ ಯೆನ್‌ನಿಂದ ಶುರುವಾಗುತ್ತಿತ್ತು. ನಡುವೆ ಜಪಾನಿನ ಹುಡುಗರ ಸಂಬಳ ಎರಡು ಪಾಲು ಆಗಿರಲಿಲ್ಲ.

ಕಾರಣ ಹುಡುಕುವವರು ಹೊಗೆಯ ಕಾನೂನು ಅನ್ನುತ್ತಾರೆ, ಎಸ್‌ಯುವಿ ಹುಚ್ಚು ಅನ್ನುತ್ತಾರೆ, ಇಂದಿನ ಮಕ್ಕಳಿಗೆ ಕಾರಿಗಿಂತ ಫೋನೇ ಹೆಚ್ಚು ಅನ್ನುತ್ತಾರೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ನನ್ನ ಪ್ರಕಾರ ದೊಡ್ಡ ಕಾರಣ ಬೇರೆ. ಹತ್ತು ಜನ ಹುಡುಗರಿಗೆ ಒಂದೊಂದು ಕಾರು ಮಾರಿ ಗಳಿಸುವುದಕ್ಕಿಂತ ಇಬ್ಬರು ಸಿರಿವಂತರಿಗೆ ಮಾರಿ ಗಳಿಸುವುದು ಸುಲಭ ಅಂತ ಕಂಪನಿಗಳಿಗೆ ಅನ್ನಿಸಿತು. ಪ್ರತಿ ವರ್ಷ ಇನ್ನಷ್ಟು ಅಶ್ವಶಕ್ತಿ, ಇನ್ನಷ್ಟು ದೊಡ್ಡ ಚಕ್ರ, ಇನ್ನಷ್ಟು ಬೆಲೆ. ಹುಡುಗರು ಸಾಲಿನಿಂದ ಹೊರಬಿದ್ದರು. ಸಿರಿವಂತರು ಎಷ್ಟು ಕೊಂಡಾರು? ಅವರ ಮನೆಯಲ್ಲೂ ಮಕ್ಕಳಿದ್ದಾರೆ, ಲಗೇಜಿದೆ. 2024ರಲ್ಲಿ ಪೋರ್ಷೆ ಕಂಪನಿ ಲೋಕದಾದ್ಯಂತ 3.1 ಲಕ್ಷ ಕಾರು ಕೊಟ್ಟಿತು. ಅದರಲ್ಲಿ ಕಯೆನ್, ಮಕಾನ್ ಎಂಬ ಎರಡು ಎತ್ತರದ ಕುಟುಂಬದ ಕಾರುಗಳೇ 1.85 ಲಕ್ಷ. ಎಲ್ಲರೂ ಹೆಸರು ಹೇಳುವ 911 ಸುಮಾರು 51,000. ಅದೇ ವರ್ಷ ಪೋರ್ಷೆಯ ಎಲೆಕ್ಟ್ರಿಕ್ ಕಾರು ಟೈಕಾನ್ ಮಾರಾಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಡಾಡ್ಜ್ ತನ್ನ ಚಾರ್ಜರ್ ಕಾರನ್ನು ಎಲೆಕ್ಟ್ರಿಕ್ ಮಾಡಿ, ಹಳೆಯ ವಿ8 ಎಂಜಿನಿನಂತೆ ಗುಡುಗುವ ಕೃತಕ ಸದ್ದು ಸೇರಿಸಿ, 60,000 ಡಾಲರ್ ಹತ್ತಿರ ಬೆಲೆ ಇಟ್ಟಿತು. ಜನ ಕೈ ಹಾಕಲಿಲ್ಲ. ಎಲೆಕ್ಟ್ರಿಕ್ ಆದರೂ ಬೆಲೆ ಮೇಲಿನಿಂದ ಶುರುವಾದರೆ ಹುಡುಗರ ಕೈಗೆ ಎಟುಕದು.

ನಮ್ಮಲ್ಲಂತೂ ಸ್ಪೋರ್ಟ್ಸ್ ಕಾರು ಯಾವತ್ತೂ ಹುಡುಗರದ್ದಾಗಿರಲಿಲ್ಲ. ಅಮೆರಿಕದ ದುಡಿಯುವ ಮಕ್ಕಳಿಗೆಂದು ಹುಟ್ಟಿದ ಅದೇ ಮಸ್ಟಾಂಗ್ 2016ರಲ್ಲಿ ಭಾರತಕ್ಕೆ ಬಂದಾಗ 65 ಲಕ್ಷ ರೂಪಾಯಿ. ಆಮದು ಸುಂಕವೇ ಅಷ್ಟು ಏರಿಸಿತ್ತು. ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ. 2025ರ ಜುಲೈನಲ್ಲಿ ಬೇರೆ ರಾಜ್ಯದ ನೋಂದಣಿಯಲ್ಲಿ ಬೆಂಗಳೂರಿನಲ್ಲಿ ಓಡುತ್ತಿದ್ದ ಒಂದು ಫೆರಾರಿಗೆ ಸಾರಿಗೆ ಇಲಾಖೆ ವಸೂಲಿ ಮಾಡಿದ ತೆರಿಗೆ 1.41 ಕೋಟಿ. ಆ ದುಡ್ಡಿಗೆ ನಿನ್ನ ಊರಿನಲ್ಲಿ ಒಂದು ಬೀದಿಯ ಅರ್ಧ ಮನೆಗಳಿಗೆ ಕಾರು ಬರುತ್ತದೆ.

ಹಾಗಾಗಿ ವೇಗದ ಆಸೆಯನ್ನು ಇಟ್ಟುಕೊ, ಅದಕ್ಕಾಗಿ ಸಾಲ ಮಾಡಬೇಡ. ಚೆನ್ನೈ ಹತ್ತಿರ ಇರುಂಗಾಟುಕೋಟೆಯಲ್ಲಿ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. ಬೆಂಗಳೂರಿನಿಂದ ಒಂದು ಹಗಲಿನ ದಾರಿ. ಅಲ್ಲಿ ತರಬೇತಿ ಕೊಡುವವರಿದ್ದಾರೆ, ಹೆಲ್ಮೆಟ್ ಹಾಕಿಸುತ್ತಾರೆ, ಎದುರಿನಿಂದ ಟ್ರ್ಯಾಕ್ಟರ್ ಬರುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆ ಆಸೆ ತೀರಿಸಿಕೊಳ್ಳಲು ಹೋಗಬೇಡ. ಅಲ್ಲಿನ ಮಿತಿ ಗಂಟೆಗೆ 100 ಕಿ.ಮೀ. ಆ ರಸ್ತೆ ತೆರೆದ ಹೊಸತರಲ್ಲಿ ಎಷ್ಟು ಮನೆಗಳ ದೀಪ ಆರಿತು ಅನ್ನುವುದನ್ನು ಮಂಡ್ಯ, ರಾಮನಗರದ ಆಸ್ಪತ್ರೆಯವರನ್ನು ಕೇಳು.

ಇನ್ನು ಸಾಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಇವತ್ತು ಬ್ಯಾಂಕೇ ಹಾಸಿಗೆಯನ್ನು ಉದ್ದ ಮಾಡಿ ಕೊಡುತ್ತದೆ, ಏಳು ವರ್ಷದವರೆಗೆ. ಷೋರೂಮಿನವರು ಬೆಲೆ ಹೇಳುವುದನ್ನೇ ಬಿಟ್ಟು ಕಂತು ಹೇಳುತ್ತಾರೆ. ‘ತಿಂಗಳಿಗೆ ಹದಿನಾರು ಸಾವಿರ ಅಷ್ಟೇ ಸರ್.’ ಆ ‘ಅಷ್ಟೇ’ಯನ್ನು ಬಿಡಿಸಿ ನೋಡು. ಹತ್ತು ಲಕ್ಷ ಸಾಲ, ಶೇ 9 ಬಡ್ಡಿ, ಏಳು ವರ್ಷ. ತಿಂಗಳ ಕಂತು 16,089. ಕೊನೆಗೆ ನೀನು ಕಟ್ಟಿದ್ದು ಹದಿಮೂರೂವರೆ ಲಕ್ಷ. ಅದೇ ಸಾಲವನ್ನು ನಾಲ್ಕು ವರ್ಷಕ್ಕೆ ತೆಗೆದುಕೊಂಡರೆ ಕಂತು 24,885, ಒಟ್ಟು ಹನ್ನೆರಡು ಲಕ್ಷದೊಳಗೆ ಮುಗಿಯುತ್ತದೆ. ಬಡ್ಡಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಉಳಿತಾಯ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಏಳು ವರ್ಷದ ಸಾಲ ತೆಗೆದುಕೊಂಡವರಲ್ಲಿ ಬಹಳ ಮಂದಿ ಐದನೇ ವರ್ಷಕ್ಕೆ ಬೇರೆ ಕಾರು ಬೇಕೆಂದು ನಮ್ಮ ಮೇಜಿನ ಮುಂದೆ ಬಂದು ಕೂರುತ್ತಿದ್ದರು. ಆಗ ಹಳೆಯ ಸಾಲದಲ್ಲಿ ಇನ್ನೂ ಮೂರೂವರೆ ಲಕ್ಷ ಬಾಕಿ. ಹಳೆಯ ಕಾರು ಮಾರಿದ ದುಡ್ಡು ಅದಕ್ಕೇ ಹೋಗುತ್ತಿತ್ತು. ಹೊಸ ಕಾರಿಗೆ ಮತ್ತೆ ಮೊದಲಿನಿಂದ ಸಾಲ. ಮೂವತ್ತಕ್ಕೆ ಶುರುವಾದ ಕಂತು ನಲವತ್ತೈದಾದರೂ ನಿಲ್ಲದ ಮನೆಗಳನ್ನು ನಾನು ಕಂಡಿದ್ದೇನೆ. ಒಳ್ಳೆಯ ಸಂಬಳದವರ ಮನೆಗಳೇ ಅವು.

ನಾಲ್ಕು ವರ್ಷದ ಕಂತು ನಿನ್ನಿಂದ ಆಗದಿದ್ದರೆ ಆ ಕಾರು ನಿನ್ನ ಕೈಮೀರಿದ್ದು. ಕಂತು, ಇಂಧನ, ವಿಮೆ ಮೂರೂ ಸೇರಿ ಕೈಗೆ ಬರುವ ಸಂಬಳದ ಆರನೇ ಒಂದು ಪಾಲು ದಾಟಬಾರದು ಅನ್ನುವುದು ನಾನು ಇಟ್ಟುಕೊಂಡ ಅಳತೆ. ಓದಿನ ಸಾಲ ಬಾಕಿ ಇದ್ದರೆ ಮೊದಲು ಅದನ್ನು ತೀರಿಸು.

ಈಗ ಕೊಟೇಶನ್ ಹಾಳೆಯನ್ನು ಮೇಜಿನ ಮೇಲೆ ಹರಡು. ಮೊದಲ ಸಾಲು ಎಕ್ಸ್-ಷೋರೂಂ ಬೆಲೆ. ಅದರೊಳಗೇ ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿಗೆ, ಅಂದರೆ ನಾಲ್ಕು ಮೀಟರಿನೊಳಗೆ ಉದ್ದ, 1200 ಸಿಸಿಯೊಳಗೆ ಎಂಜಿನ್ ಇದ್ದರೆ, ಶೇ 18. ಅದಕ್ಕಿಂತ ದೊಡ್ಡದಕ್ಕೆ ಶೇ 40. ಎಲೆಕ್ಟ್ರಿಕ್ ಕಾರಿಗೆ 2019ರಿಂದಲೂ ಶೇ 5. ಎರಡನೇ ಸಾಲು ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ ಇದು ದೇಶದಲ್ಲೇ ಹೆಚ್ಚಿನ ದರಗಳಲ್ಲೊಂದು. ಪೆಟ್ರೋಲ್ ಕಾರಿಗೆ ಐದು ಲಕ್ಷದವರೆಗೆ ಶೇ 13, ಹತ್ತರವರೆಗೆ ಶೇ 14, ಇಪ್ಪತ್ತರವರೆಗೆ ಶೇ 17, ಆಚೆಗೆ ಶೇ 18, ಮೇಲೆ ಸೆಸ್. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನವಿಟ್ಟು ಕೇಳು. 9 ಲಕ್ಷ 90 ಸಾವಿರದ ಕಾರಿಗೆ ತೆರಿಗೆ 1,38,600. ಸನ್‌ರೂಫ್ ಇರಲಿ ಅಂತ ಒಂದು ಮೆಟ್ಟಿಲು ಮೇಲಿನ ಮಾದರಿ ಆರಿಸಿ ಬೆಲೆ 10 ಲಕ್ಷ 10 ಸಾವಿರ ಆಯಿತು ಅನ್ನು. ತೆರಿಗೆ 1,71,700. ಇಪ್ಪತ್ತು ಸಾವಿರದ ಆಸೆಗೆ ಮೂವತ್ತಮೂರು ಸಾವಿರ ತೆರಿಗೆ. ಹತ್ತು ಲಕ್ಷ ದಾಟಿದರೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಸಂಗ್ರಹಿಸುವ ಆದಾಯ ತೆರಿಗೆ, ಬೇರೆ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಹಿಡಿದು ಹಿಂದಕ್ಕೆ ಪಡೆಯಬಹುದು, ಬಹಳ ಹುಡುಗರು ಮರೆತುಬಿಡುತ್ತಾರೆ.

ಮೂರನೆಯದು ವಿಮೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಷೋರೂಮಿನವರು ತೋರಿಸಿದ ಕಂಪನಿಯಲ್ಲೇ ಮಾಡಿಸಬೇಕೆಂಬ ಕಡ್ಡಾಯ ಇಲ್ಲ. ಹೊರಗೆ ಕೇಳು, ಅದೇ ರಕ್ಷಣೆಗೆ ಬೆಲೆ ಎಷ್ಟೋ ಸಲ ಸಾವಿರಗಟ್ಟಲೆ ಕಡಿಮೆ. ಆಮೇಲೆ ಬರುವುದು ‘ಹ್ಯಾಂಡ್ಲಿಂಗ್ ಚಾರ್ಜ್’. ಇದನ್ನು ಕೊಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಮರ್ಯಾದೆಯಿಂದ, ಗಟ್ಟಿಯಾಗಿ ‘ಇದನ್ನು ತೆಗೆಯಿರಿ’ ಅನ್ನು. ‘ಎಸೆನ್ಷಿಯಲ್ ಕಿಟ್’ ಅಂದರೆ ಕಾಲೊರಸು, ಮಡ್ ಫ್ಲ್ಯಾಪ್, ಕಾರಿನ ಹೊದಿಕೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸುತ್ತಾಡಿ ಬೆಲೆ ಕೇಳಿ ಬಂದವನಿಗೆ ಅದರಲ್ಲಿ ಎಷ್ಟು ಅಗತ್ಯ ಅಂತ ತಾನಾಗಿ ತಿಳಿಯುತ್ತದೆ. ಹಾಳೆಯ ಕೆಳಗೆ ಬರೆದ ಒಟ್ಟು ಮೊತ್ತವೇ ನಿನ್ನ ಬೆಲೆ, ಮೇಲಿನದ್ದು ಜಾಹೀರಾತಿನ ಬೆಲೆ.

ನೀನು ಕಾತರದಿಂದ ಕಾಯುತ್ತಿರುವ ಪ್ರಶ್ನೆಗೆ ಬರುತ್ತೇನೆ: ಎಲೆಕ್ಟ್ರಿಕ್ ಕೊಳ್ಳಲೋ ಬೇಡವೋ?

ಎಲೆಕ್ಟ್ರಿಕ್ ಕಾರು ನಮ್ಮೂರಿಗೆ ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ರಸ್ತೆಗಿಳಿದಿತ್ತು. ಪುಟ್ಟ ಕಾರು, ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ನಮ್ಮ ರಸ್ತೆಯಲ್ಲಿ ನಿಲ್ಲಿಸಿದರೆ ಜನ ಸುತ್ತ ಸೇರಿ ಬಗ್ಗಿ ನೋಡುತ್ತಿದ್ದರು, ಕೊಳ್ಳುವವರು ಕಡಿಮೆ. ಅದರೊಳಗೆ ಇದ್ದದ್ದು ಸೀಸದ ಬ್ಯಾಟರಿ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಭಾರವೂ ಹೆಚ್ಚು. ಆ ಕಂಪನಿ 2010ರಲ್ಲಿ ಮಹೀಂದ್ರ ಕೈಗೆ ಹೋಯಿತು. ನಮ್ಮ ಎಂಜಿನಿಯರುಗಳು ಮಾಡಿದ್ದು ಸರಿಯಾದ ಕಾರೇ. ಅದಕ್ಕೆ ಬೇಕಾದ ಬ್ಯಾಟರಿ ಆಗ ಅಗ್ಗವಾಗಿರಲಿಲ್ಲ ಅಂತ ಈಗಲೂ ನನಗೆ ನೋವಿದೆ.

ಈಗ ಆ ಬ್ಯಾಟರಿ ಅಗ್ಗವಾಗಿದೆ. ಬ್ಲೂಮ್‌ಬರ್ಗ್ ಎನ್ಇಎಫ್ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2010ರ ಹೊತ್ತಿಗೆ ಒಂದು ಕಿಲೋವ್ಯಾಟ್-ಅವರ್ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಮೇಲಿದ್ದದ್ದು 2024ರಲ್ಲಿ 115 ಡಾಲರಿಗೆ ಇಳಿಯಿತು. ಮೂವತ್ತು ಕಿಲೋವ್ಯಾಟ್-ಅವರ್‌ನ ಸಣ್ಣ ಕಾರಿಗೆ ಇವತ್ತಿಗೂ ಬ್ಯಾಟರಿಗೇ ಮೂರು ಲಕ್ಷ ಹತ್ತಿರ ಆಗುತ್ತದೆ. ಅಂಗಡಿಯಲ್ಲಿ ಕಾಣುವ ವ್ಯತ್ಯಾಸವೂ ಅಷ್ಟೇ ಇರುತ್ತದೆ ನೋಡು. 2022ರಲ್ಲಿ ಟಾಟಾದ ಎಲೆಕ್ಟ್ರಿಕ್ ಕಾರು ಟಿಯಾಗೊ ಇವಿ 8.49 ಲಕ್ಷಕ್ಕೆ ಬಂದಾಗ ಅದೇ ಕಾರಿನ ಪೆಟ್ರೋಲ್ ಮಾದರಿ ಐದೂವರೆ ಲಕ್ಷದ ಆಸುಪಾಸಿಗೆ ಶುರುವಾಗುತ್ತಿತ್ತು. 2025ರಲ್ಲಿ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಇಳಿದ ಮೇಲೆ ಪೆಟ್ರೋಲಿನವರಿಗೆ ಇನ್ನಷ್ಟು ಬಲ ಬಂದಿದೆ. ಆದ್ದರಿಂದ ಮೂರು ಲಕ್ಷದ ವ್ಯತ್ಯಾಸ ಅಂತಲೇ ಹಿಡಿದು ಲೆಕ್ಕ ಮಾಡೋಣ.

ಸಣ್ಣ ಪೆಟ್ರೋಲ್ ಕಾರು ಊರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ ಹದಿನೈದು ಕಿ.ಮೀ. ಕೊಟ್ಟರೆ ದೊಡ್ಡದು. ಪೆಟ್ರೋಲಿಗೆ ನೂರು ರೂಪಾಯಿ ಅಂತ ಹಿಡಿದರೆ ಕಿ.ಮೀ.ಗೆ 6 ರೂಪಾಯಿ 70 ಪೈಸೆ. ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ಟಿಗೆ ಏಳು ಕಿ.ಮೀ. ಓಡುತ್ತದೆ. ಮನೆಯ ಕರೆಂಟು ಏಳು ರೂಪಾಯಿ ಅನ್ನು, ಚಾರ್ಜ್ ಆಗುವಾಗ ಸೋರಿಹೋಗುವುದೂ ಸೇರಿ ಕಿ.ಮೀ.ಗೆ 1 ರೂಪಾಯಿ 20 ಪೈಸೆ. ಉಳಿತಾಯ ಐದೂವರೆ ರೂಪಾಯಿ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ದಿನಾ ಹೋಗಿ ಬರುವ ನಿನ್ನ ಅಕ್ಕ ವರ್ಷಕ್ಕೆ ಹದಿನೈದು ಸಾವಿರ ಕಿ.ಮೀ. ಓಡಿಸುತ್ತಾಳೆ. ಅವಳಿಗೆ ವರ್ಷಕ್ಕೆ 82,500 ರೂಪಾಯಿ ಉಳಿತಾಯ, ಮೂರೂವರೆ ವರ್ಷದ ಆಚೀಚೆಗೆ ಆ ಮೂರು ಲಕ್ಷ ವಾಪಸ್. ಮನೆಯಿಂದಲೇ ಕೆಲಸ ಮಾಡಿ, ವಾರಕ್ಕೊಮ್ಮೆ ದರ್ಶಿನಿಗೆ, ತಿಂಗಳಿಗೊಮ್ಮೆ ಊರಿಗೆ ಹೋಗುವ ನೀನು ವರ್ಷಕ್ಕೆ ಐದು ಸಾವಿರ ಕಿ.ಮೀ. ದಾಟುವುದಿಲ್ಲ. ನಿನಗೆ ಅದೇ ಮೂರು ಲಕ್ಷ ವಾಪಸ್ ಬರಲು ಹನ್ನೊಂದು ವರ್ಷ ಬೇಕು. ಒಂದೇ ಕಾರು, ಒಂದೇ ಬೆಲೆ. ಅವಳಿಗೆ ಅಗ್ಗ, ನಿನಗೆ ದುಬಾರಿ. ಕಾರು ಎಷ್ಟಕ್ಕೆ ಅಂತ ಕೇಳುವ ಮೊದಲು ನಾನು ವರ್ಷಕ್ಕೆ ಎಷ್ಟು ಓಡುತ್ತೇನೆ ಅಂತ ಕೇಳಿಕೊ. ಗೊತ್ತಿಲ್ಲದಿದ್ದರೆ ಈಗಿನ ಸ್ಕೂಟರಿನ ಮೀಟರ್ ನೋಡಿ, ಕ್ಯಾಬಿನ ಬಿಲ್ಲುಗಳನ್ನು ಕೂಡಿಸಿ, ಮೂರು ತಿಂಗಳು ಬರೆದಿಡು.

ಮೇಲಿನ ಲೆಕ್ಕವೆಲ್ಲ ಮನೆಯಲ್ಲಿ ಪ್ಲಗ್ ಇದ್ದರೆ ಮಾತ್ರ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಗೂ ಮೇಲೆ ಹೋಗುವುದು ಸಾಮಾನ್ಯ. ಕಿ.ಮೀ.ಗೆ ಮೂರು ರೂಪಾಯಿ ದಾಟುತ್ತದೆ, ಕಾಯುವ ಹೊತ್ತು ಬೇರೆ. ಸ್ವಂತ ಮನೆ ಇದ್ದವರಿಗೆ ತೊಂದರೆ ಇಲ್ಲ, ಸರಿಯಾದ ಅರ್ಥಿಂಗ್ ಇರುವ 15 ಆಂಪಿಯರ್ ಪ್ಲಗ್ ಸಾಕು, ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆಗೆ ತುಂಬಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು, ಅದರಲ್ಲೂ ಬಾಡಿಗೆಗೆ ಇರುವವರು, ಮೊದಲು ಸಂಘದವರ ಹತ್ತಿರ ಹೋಗಬೇಕು. ನೆಲಮಾಳಿಗೆಯಲ್ಲಿ ನಿನ್ನ ಪಾರ್ಕಿಂಗ್ ಜಾಗದವರೆಗೆ ಕೇಬಲ್ ಎಳೆಯಲು ಒಪ್ಪಿಗೆ ಬೇಕು, ಬೆಂಕಿಯ ಭಯ ಇರುವವರನ್ನು ಸಮಾಧಾನ ಮಾಡಬೇಕು, ಮನೆಯ ಮಾಲೀಕರ ಪತ್ರ ಬೇಕು. ಕಾರು ಬುಕ್ ಮಾಡಿ ಆಮೇಲೆ ಕೇಳಿದವರು ತಿಂಗಳುಗಟ್ಟಲೆ ಅಲೆದಿದ್ದನ್ನು ನೋಡಿದ್ದೇನೆ. ಒಪ್ಪಿಗೆ ಬರಹದಲ್ಲಿ ಕೈಗೆ ಬಂದ ಮೇಲೆಯೇ ಮುಂಗಡ ಕೊಡು.

ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟ್ ಬಿಲ್ ಸೊನ್ನೆ ಬರುವ ಮನೆಯಾದರೆ ಇನ್ನೊಂದು ಎಚ್ಚರಿಕೆ. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು ಒಂದೂವರೆ ನೂರಕ್ಕೂ ಹೆಚ್ಚು ಯೂನಿಟ್ ಎಳೆಯುತ್ತದೆ. ಮನೆಯ ಬಳಕೆಗೆ ಅದು ಸೇರಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಕಾರಿಗೆಂದೇ ಬೇರೆ ಮೀಟರ್ ಕೊಡುತ್ತಾರೆ, ಅದಕ್ಕೆ ದರವೂ ಬೇರೆ. ಮೊದಲೇ ಅರ್ಜಿ ಹಾಕು. ಎಲೆಕ್ಟ್ರಿಕ್ ಕಾರಿಗೆ ಕರ್ನಾಟಕದಲ್ಲಿ 2016ರಿಂದ ಜೀವಾವಧಿ ತೆರಿಗೆ ಮನ್ನಾ ಇತ್ತು, 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಶೇ 10 ಹಾಕಿದರು. ಇಂಥ ರಿಯಾಯಿತಿಗಳು ಶಾಶ್ವತವಲ್ಲ. ಅಮೆರಿಕದಲ್ಲೂ 7,500 ಡಾಲರಿನ ಎಲೆಕ್ಟ್ರಿಕ್ ರಿಯಾಯಿತಿ 2025ರ ಸೆಪ್ಟೆಂಬರಿಗೆ ಮುಗಿಯಿತು. ಕೊಳ್ಳುವ ವಾರ ಚಾಲ್ತಿಯಲ್ಲಿರುವ ದರವನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿ ತಿಳಿದುಕೊ.

‘ಬ್ಯಾಟರಿ ಬಾಡಿಗೆಗೆ’ ಅನ್ನುವ ಹೊಸ ಯೋಜನೆ ನಿನ್ನ ಕಣ್ಣಿಗೆ ಬಿದ್ದಿರಬೇಕು. 2024ರ ಸೆಪ್ಟೆಂಬರಿನಲ್ಲಿ ಎಂಜಿ ವಿಂಡ್ಸರ್ ಎಂಬ ಎಲೆಕ್ಟ್ರಿಕ್ ಕಾರು ಹೀಗೆ ಬಂತು. ಆಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿ.ಮೀ.ಗೆ ಮೂರೂವರೆ ರೂಪಾಯಿ ಇತ್ತು. ಬ್ಯಾಟರಿ ಸೇರಿ ಒಟ್ಟಿಗೇ ಕೊಂಡರೆ 13.50 ಲಕ್ಷ ಆಗುತ್ತಿತ್ತು. ಮೊದಲ ಹೊರೆ ಇಳಿಯಿತು, ಅದು ನಿಜವಾದ ಉಪಕಾರ. ಆದರೆ ಕರೆಂಟಿನ 1.20 ಸೇರಿಸಿದರೆ ಕಿ.ಮೀ.ಗೆ 4.70 ಆಯಿತು, ಪೆಟ್ರೋಲಿಗಿಂತ ಉಳಿಯುವುದು ಎರಡೇ ರೂಪಾಯಿ. ಒಂದು ಲಕ್ಷ ಕಿ.ಮೀ. ಓಡಿಸುವ ಹೊತ್ತಿಗೆ ಬ್ಯಾಟರಿಯ ಪೂರ್ತಿ ಬೆಲೆ ಬಾಡಿಗೆಯಲ್ಲೇ ಕೊಟ್ಟಿರುತ್ತೀಯ. ಹೆಚ್ಚು ಓಡಿಸುವವನಿಗೆ ಇದು ತಕ್ಕದ್ದಲ್ಲ. ಕಡಿಮೆ ಓಡಿಸುವವನಾದರೆ ಒಪ್ಪಂದದಲ್ಲಿ ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ. ಅಂತ ಬರೆದಿದೆಯೇ, ನಡುವೆ ಬಿಟ್ಟರೆ ಏನಾಗುತ್ತದೆ, ಎರಡನ್ನೂ ಓದಿ ಸಹಿ ಹಾಕು.

ನನ್ನನ್ನೇ ಕೇಳಿದರೆ ಮೊದಲ ಕಾರು ಹಳೆಯದಿರಲಿ. ಮೂರು ನಾಲ್ಕು ವರ್ಷ ಓಡಿದ ಎಲೆಕ್ಟ್ರಿಕ್ ಕಾರುಗಳಿಗೆ ಮರುಮಾರಾಟದಲ್ಲಿ ಬೇಡಿಕೆ ಇನ್ನೂ ಕುದುರಿಲ್ಲ, ಬ್ಯಾಟರಿಯ ಭಯಕ್ಕೆ ಬೆಲೆ ಬಿದ್ದಿರುತ್ತದೆ. ಮಾರುವವನಿಗೆ ಅದು ನಷ್ಟ, ನಿನಗೆ ಅವಕಾಶ. ಹೆಚ್ಚಿನ ಕಂಪನಿಗಳು ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಅದು ಎರಡನೇ ಮಾಲೀಕನಿಗೂ ಸಲ್ಲುತ್ತದೆಯೇ ಅನ್ನುವುದನ್ನು ಬರಹದಲ್ಲಿ ಕೇಳಿ ಪಡೆ, ಜೀವಮಾನದ ವಾರಂಟಿ ಅಂತ ಜಾಹೀರಾತಿನಲ್ಲಿ ಬರುವುದರಲ್ಲಿ ಕೆಲವು ಮೊದಲ ಮಾಲೀಕನಿಗಷ್ಟೇ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಬ್ಯಾಟರಿಯ ಆರೋಗ್ಯದ ವರದಿ ತೆಗೆಸು. ಮಾರುವವನು ಒಪ್ಪದಿದ್ದರೆ ಎದ್ದು ಬಾ.

ನೆರೆಹೊರೆಯವರು ಏನಂದುಕೊಳ್ಳುತ್ತಾರೆ ಅನ್ನುವುದು ಕಾರಿನ ಲೆಕ್ಕವನ್ನು ಬುಡಮೇಲು ಮಾಡುತ್ತದೆ. 2008ರಲ್ಲಿ ಟಾಟಾದವರು ಒಂದು ಲಕ್ಷದ ನ್ಯಾನೊ ತೋರಿಸಿದಾಗ ಸ್ಕೂಟರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ನೆನೆಯುವ ಮನುಷ್ಯನಿಗೆ ಒಂದು ಸೂರು ಸಿಕ್ಕಿತು ಅಂತ ನಾನು ನಿಜವಾಗಿ ಸಂತೋಷಪಟ್ಟಿದ್ದೆ. ಆ ಮನುಷ್ಯ ಅದನ್ನು ಕೊಳ್ಳಲಿಲ್ಲ. ‘ಅತಿ ಅಗ್ಗದ ಕಾರು’ ಎಂಬ ಹಣೆಪಟ್ಟಿ ಅವನಿಗೆ ಬೇಡವಾಯಿತು, ಸಾಲ ಮಾಡಿಯಾದರೂ ದೊಡ್ಡದಕ್ಕೆ ಹೋದ. ಹತ್ತು ವರ್ಷದಲ್ಲಿ ನ್ಯಾನೊ ನಿಂತಿತು. ಹೆಣ್ಣು ನೋಡಲು ಹೋಗುವಾಗ ಕಾರು ದೊಡ್ಡದಿರಬೇಕು ಅನ್ನುವ ಮಾತು ನಿಮ್ಮ ಮನೆಯಲ್ಲೂ ಬರುತ್ತದೆ. ಆ ಒಂದು ದಿನಕ್ಕೆ ಬಾಡಿಗೆ ಕಾರು ಸಿಗುತ್ತದೆ ಅಂತ ಅಪ್ಪನಿಗೆ ಮೆಲ್ಲಗೆ ಹೇಳು. ನಿನ್ನ ದಾರಿಯಲ್ಲಿ ಮೆಟ್ರೋ ಇದ್ದರೆ ಕಾರನ್ನೇ ಇನ್ನೂ ಎರಡು ವರ್ಷ ಮುಂದೂಡಬಹುದು. 2025ರ ಆಗಸ್ಟಿನಿಂದ ಬೆಂಗಳೂರು ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೂ ಹೋಗುತ್ತಿದೆ, ಎಲೆಕ್ಟ್ರಾನಿಕ್ ಸಿಟಿಯ ಎಷ್ಟೋ ಹುಡುಗರು ಕಾರಿನ ಯೋಚನೆಯನ್ನೇ ಮುಂದಕ್ಕೆ ಹಾಕಿದ್ದಾರೆ. ಬ್ಯಾಟರಿ ಇನ್ನೂ ಅಗ್ಗವಾಗುತ್ತಿರುವ ಕಾಲದಲ್ಲಿ ಕಾದವನಿಗೆ ನಷ್ಟವಿಲ್ಲ.

ಇಷ್ಟೆಲ್ಲ ಆದ ಮೇಲೂ ಈಗಲೇ ಬೇಕು ಅನ್ನಿಸಿದರೆ ಹೋಗಿ ನೋಡು. ಟೆಸ್ಟ್ ಡ್ರೈವಿಗೆ ಅವರು ಹೇಳುವ ರಸ್ತೆ ಬಿಟ್ಟು ನೀನು ಹೆಚ್ಚಾಗಿ ಓಡಾಡುವ ರಸ್ತೆಗೇ ಒಯ್ಯಿ, ಸಂಜೆ ಆರರ ಟ್ರಾಫಿಕ್ಕಿನಲ್ಲಿ. ಅಪ್ಪ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸು. ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿ ಕಾಲಡಿ ಇರುವುದರಿಂದ ನೆಲ ಎತ್ತರವಾಗಿರುತ್ತದೆ, ಮೊಣಕಾಲು ಮೇಲೆದ್ದು ತೊಡೆಗೆ ಆಸರೆ ಸಿಗುವುದಿಲ್ಲ. ಹತ್ತು ನಿಮಿಷದಲ್ಲಿ ತಿಳಿಯದು, ಅರ್ಧ ಗಂಟೆ ಕೂತರೆ ಮಂಡಿನೋವಿನವರು ತಾವೇ ಹೇಳುತ್ತಾರೆ. ಹಿಡಿಸಿದರೆ ತಿಂಗಳ ಕೊನೆಯ ವಾರದಲ್ಲಿ ಬೆಲೆ ಮಾತಾಡು, ಆಗ ಅವರಿಗೂ ಟಾರ್ಗೆಟ್ ಇರುತ್ತದೆ. ಡಿಸೆಂಬರಿನ ರಿಯಾಯಿತಿಗೆ ಮನಸೋಲುವ ಮೊದಲು ಕಾರು ತಯಾರಾದ ತಿಂಗಳು ಯಾವುದು ಅಂತ ಚಾಸಿ ಸಂಖ್ಯೆಯಿಂದ ತಿಳಿದುಕೊ. ಒಂದು ವರ್ಷ ಯಾರ್ಡಿನಲ್ಲಿ ಬಿಸಿಲಿಗೆ ನಿಂತ ಕಾರಾದರೆ, ಅದರಲ್ಲೂ ಎಲೆಕ್ಟ್ರಿಕ್ ಆದರೆ, ರಿಯಾಯಿತಿ ಎಷ್ಟೇ ಇರಲಿ, ಬೇರೆಯದನ್ನು ತೋರಿಸಿ ಅನ್ನು.